ನಿಮ್ಮ ಡಾಕ್ಟರಿಗೆ ಯಾಕಿಷ್ಟು ಅವಸರ?

ನಮಸ್ಕಾರ. ನಿಮ್ಮ ಪತ್ತೇದಾರಿ ಕಥೆ ಓದಿದೆ. ಭಾಷೆ ಸರಾಗವಾಗಿದೆ, ಇನ್‌ಸ್ಪೆಕ್ಟರ್ ಪಾತ್ರ ಚೆನ್ನಾಗಿ ಬಂದಿದೆ. ಆದರೆ ಶವಾಗಾರದ ದೃಶ್ಯ ಓದಿ ನನಗೆ ನಿಜಕ್ಕೂ ಸಿಟ್ಟು ಬಂತು. ಅದರ ಬಗ್ಗೆ ಮಾತ್ರ ಬರೆಯುತ್ತೇನೆ.

‘ಕತ್ತಿನ ಗಾಯ ನೋಡಿದ ಕೂಡಲೇ ಡಾಕ್ಟರು ಕೊಲೆ ಎಂದರು.’ ನೋಡಿದ ಕೂಡಲೇನಾ? ಕತ್ತು ಕೊಯ್ದ ಗಾಯದಲ್ಲಿ ಕೊಲೆಯೋ ಆತ್ಮಹತ್ಯೆಯೋ ಅನ್ನುವುದೇ ಕಷ್ಟದ ಪ್ರಶ್ನೆ. ಡಾಕ್ಟರು ಅಂಗೈ, ಬೆರಳು, ಮುಂಗೈ ನೋಡುತ್ತಾರೆ, ಏಕೆಂದರೆ ಅಲಗನ್ನು ತಡೆಯಲು ಹೋದವರಿಗೆ ಅಲ್ಲಿ ಗಾಯ ಆಗಿರಬಹುದು. ಮುಖ್ಯ ಗಾಯದ ಪಕ್ಕ ಸಣ್ಣ, ಮೇಲುಮೇಲಿನ ಗೀರುಗಳಿವೆಯೇ ಅಂತ ಹುಡುಕುತ್ತಾರೆ. ಅಂಥವು ಆತ್ಮಹತ್ಯೆಯಲ್ಲಿ ಜಾಸ್ತಿ ಕಾಣುತ್ತವೆ ನಿಜ, ಆದರೆ ಅವು ಇಲ್ಲ ಅಂದ ಮಾತ್ರಕ್ಕೆ ಕೊಲೆ ಅನ್ನುವಂತಿಲ್ಲ. ಇನ್ನು ನಿದ್ದೆಯಲ್ಲಿದ್ದಾಗಲೋ ಹಿಂದಿನಿಂದ ಬಂದು ಹಿಡಿದೋ ಕೊಂದಿದ್ದರೆ ಸತ್ತವರ ಕೈ ಮೇಲೆ ಒಂದು ಗೀರೂ ಇರದೆ ಹೋಗಬಹುದು. ಬಟ್ಟೆ, ರಕ್ತ ಹರಿದ ದಿಕ್ಕು, ಸ್ಥಳದ ಫೋಟೊ ಎಲ್ಲವೂ ಬೇಕು.

‘ಗಾಯ ಇಷ್ಟು ಅಗಲ ಇದೆಯೆಂದರೆ ಚಾಕುವೂ ಅಗಲವಾದದ್ದೇ.’ ಖಂಡಿತ ಅಲ್ಲ. ಗಾಯ ಬಾಯಿ ತೆರೆಯುವುದು ಚರ್ಮದ ಬಿಗಿತದಿಂದ. ತಲೆ ಹಿಂದಕ್ಕೆ ವಾಲಿದರೆ ಅದೇ ಗಾಯ ಇನ್ನೂ ದೊಡ್ಡದಾಗಿ ಕಾಣುತ್ತದೆ. ಇರಿತದ ಗಾಯ ಅಲಗಿನ ಬಗ್ಗೆ ಒಂದಿಷ್ಟು ಹೇಳೀತು, ಕೊಯ್ದ ಗಾಯ ಹೇಳುವುದು ತೀರಾ ಕಡಿಮೆ. ಕತ್ತಿನ ಮೂಳೆಗೆ ಅಲಗು ತಾಗಿ ಗುರುತು ಬಿದ್ದಿದ್ದರೆ ಅದು ಬೇರೆ ಮಾತು.

‘ಕೊಲೆಗಾರ ಎಡಚ.’ ಈ ಸಾಲು ನನಗೆ ಬರುವ ಎಷ್ಟೋ ಕಥೆಗಳಲ್ಲಿ ಇರುತ್ತದೆ! ಗಾಯ ಸಾಮಾನ್ಯವಾಗಿ ಶುರುವಾದ ಕಡೆ ಆಳ, ಮುಗಿಯುವ ಕಡೆ ತೆಳುವಾದ ಗೆರೆ. ಅದರಿಂದ ಅಲಗು ಹೋದ ದಿಕ್ಕು ಅಂದಾಜಾಗುತ್ತದೆ. ಆದರೆ ಅವನು ಎದುರಿಗಿದ್ದನೋ ಹಿಂದಿದ್ದನೋ ಗೊತ್ತಿಲ್ಲದೆ ಕೈ ಯಾವುದು ಅಂತ ಹೇಗೆ ಹೇಳುವುದು?

‘ಮೊದಲು ಕತ್ತನ್ನು ಬಿಡಿಸಿ ನೋಡಿದರು.’ ಮೊದಲಲ್ಲ, ಕೊನೆಗೆ. ತಲೆ, ಎದೆ ತೆರೆದು ರಕ್ತ ಬಸಿದು ಹೋದ ಮೇಲೆ ಕತ್ತನ್ನು ಪದರ ಪದರವಾಗಿ ಬಿಡಿಸುತ್ತಾರೆ. ಇಲ್ಲದಿದ್ದರೆ ಕೊಯ್ಯುವಾಗ ಒಸರಿದ ರಕ್ತವೇ ಹಳೇ ಪೆಟ್ಟಿನಂತೆ ಕಂಡು ದಾರಿ ತಪ್ಪಿಸುತ್ತದೆ. ಅದಕ್ಕೂ ಮುಂಚೆ ಇನ್ನೊಂದು ಕೆಲಸ ಇದೆ. ಕತ್ತಿನ ದೊಡ್ಡ ರಕ್ತನಾಳ ತುಂಡಾದಾಗ ಗಾಳಿ ಒಳಗೆ ಎಳೆದುಕೊಂಡು ಹೃದಯ ಸೇರಬಹುದು, ಸಾವಿಗೆ ಅದೂ ಒಂದು ಕಾರಣ. ದೇಹ ತೆರೆಯುವ ಮೊದಲೇ ಎಕ್ಸ್‌ರೇ ತೆಗೆದು ಅದನ್ನು ನೋಡುವುದುಂಟು. ನಿಮ್ಮ ಕಥೆಗೆ ಬೇಕಾದ ತಿರುವು ಇಲ್ಲೇ ಇತ್ತಲ್ವಾ?

ನಾನು ಪತ್ರಿಕೆಯಲ್ಲಿ ಕೆಲಸ ಕಲಿಯುವಾಗ ಅಪರಾಧ ಸುದ್ದಿ ನೋಡುತ್ತಿದ್ದ ಹಿರಿಯರೊಬ್ಬರು ಪೋಸ್ಟ್‌ಮಾರ್ಟಂ ವರದಿಗಳನ್ನು ನನ್ನಿಂದ ಗಟ್ಟಿಯಾಗಿ ಓದಿಸುತ್ತಿದ್ದರು. ಗಾಯ ಎಲ್ಲಿದೆ, ಎಷ್ಟು ಉದ್ದ, ಅಂಚು ಹೇಗಿದೆ, ಒಳಗೆ ಏನೇನು ತುಂಡಾಗಿದೆ, ಶ್ವಾಸಕೋಶಕ್ಕೆ ರಕ್ತ ಇಳಿದಿದೆಯೇ. ಕೊಂದವನ ಬಗ್ಗೆ ಒಂದು ಮಾತೂ ಇರುತ್ತಿರಲಿಲ್ಲ. ಓದುತ್ತಾ ಓದುತ್ತಾ ಮೈ ಜುಮ್ ಅನ್ನುತ್ತಿತ್ತು. ಹೆದರಿಸಲು ಹೊರಟ ಯಾವ ಕಥೆಯೂ ನನ್ನನ್ನು ಹಾಗೆ ಹಿಡಿದಿಟ್ಟಿಲ್ಲ. ಆಮೇಲೆ ಅವರು ‘ಇದರಲ್ಲಿ ಡಾಕ್ಟರಿಗೆ ಗೊತ್ತಾದದ್ದು ಯಾವುದು, ನೀನು ಸೇರಿಸಿದ್ದು ಯಾವುದು, ಹೇಳು’ ಅನ್ನುತ್ತಿದ್ದರು. ಇವತ್ತಿಗೂ ನಾನು ಹಸ್ತಪ್ರತಿ ಓದುವುದು ಹಾಗೇ.

ಶ್ವಾಸನಾಳ ತುಂಡಾದವನು ಕೊನೆಯಲ್ಲಿ ಕೊಲೆಗಾರನ ಹೆಸರು ಹೇಳುವುದನ್ನು ತೆಗೆದುಬಿಡಿ. ಧ್ವನಿಪೆಟ್ಟಿಗೆಯ ಕೆಳಗೆ ಕೊಯ್ದರೆ ಉಸಿರು ಗಾಯದಿಂದಲೇ ಹೊರಗೆ ಹೋಗುತ್ತದೆ, ಮಾತು ಹೊರಡುವುದಿಲ್ಲ.

ಈ ದೃಶ್ಯವನ್ನಷ್ಟೇ ಮತ್ತೆ ಬರೆದು ಕಳಿಸಿ. ಇನ್‌ಸ್ಪೆಕ್ಟರ್ ಎಷ್ಟು ಒತ್ತಾಯ ಮಾಡಿದರೂ ಡಾಕ್ಟರು ‘ಈಗಲೇ ಹೇಳಲಾಗದು’ ಅನ್ನಲಿ, ಅವನು ಸಿಡುಕಲಿ. ಬೇಗ ಕಳಿಸಿ, ಕಾಯುತ್ತಿರುತ್ತೇನೆ.