ಪುಸ್ತಕಕ್ಕೆ ಮಂಗಳೂರು, ಓದಿಗೆ ಆಟಿ ತಿಂಗಳು

ಕೇರಳದಲ್ಲಿ ಇದ್ದುಕೊಂಡು ಕನ್ನಡ ಪುಸ್ತಕ ಎಲ್ಲಿಂದ ತರುತ್ತೀರಿ ಎಂದು ಕೇಳಿದ್ದೀರಿ. ಮಂಗಳೂರಿನಿಂದ. ಕಾಸರಗೋಡು ಪೇಟೆಯಿಂದ ಅಲ್ಲಿಗೆ ಸುಮಾರು 50 ಕಿಲೋಮೀಟರ್. ನಮ್ಮ ಬದಿಯಡ್ಕ ಕಡೆಯವರು ಪೆರ್ಲದ ಮೇಲಾಗಿ ಪುತ್ತೂರಿಗೂ ಹೋಗುತ್ತೇವೆ. ಆದರೆ ಪುಸ್ತಕಕ್ಕೆಂದೇ ಯಾರೂ ಬಸ್ಸು ಹತ್ತುವುದಿಲ್ಲ. ಮದುವೆ ಜವಳಿಗೆ ಹೋಗಬೇಕು, ಇಲ್ಲವೇ ಆಸ್ಪತ್ರೆಗೆ. ನಮ್ಮ ಮನೆಯ ಹೆಚ್ಚಿನ ಕಾದಂಬರಿಗಳು ಆಸ್ಪತ್ರೆ ಲೆಕ್ಕದಲ್ಲೇ ಬಂದವು. ಮಾವನವರಿಗೆ ಡಯಾಲಿಸಿಸ್ ಇದ್ದ ಕಾಲದಲ್ಲಿ ನಾನು ಓದಿದಷ್ಟು ಮತ್ತೆ ಯಾವತ್ತೂ ಓದಿಲ್ಲ. ಒಮ್ಮೆ ಒಳಗೆ ಕರೆದುಕೊಂಡು ಹೋದರೆ ನಾಲ್ಕು ಗಂಟೆ. ಹೊರಗಿನ ಬೆಂಚಿನಲ್ಲಿ ಬೇರೇನು ಮಾಡುವುದು?

ನೀವು ಇದನ್ನು ಭಾಷಾ ಹೋರಾಟ ಅಂದುಕೊಂಡಿದ್ದೀರಿ. ಸುಮ್ನೆ ಖುಷಿಗೆ ಓದುವುದಪ್ಪ. 1956ರಲ್ಲಿ ನಮ್ಮನ್ನು ಕೇರಳಕ್ಕೆ ಸೇರಿಸಿದ್ದು, ಚಂದ್ರಗಿರಿ ಹೊಳೆಯ ಬಡಗು ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕು ಎಂದು 1967ರಲ್ಲಿ ಗಡಿ ವಿಚಾರದ ಮಹಾಜನ ಆಯೋಗದ ವರದಿ ಹೇಳಿದ್ದು, ಎಲ್ಲ ಗೊತ್ತುಂಟು. ನವೆಂಬರ್ ಭಾಷಣಗಳಲ್ಲಿ ಕೇಳಿ ಕೇಳಿ ಬಾಯಿಪಾಠ ಆಗಿದೆ. ಅದರಿಂದ ಕೈಗೆ ಒಂದು ಪುಸ್ತಕವೂ ಬರಲಿಲ್ಲ. ಮಂಜೇಶ್ವರದ ಗೋವಿಂದ ಪೈಗಳ ಪುಸ್ತಕ ಸಂಗ್ರಹವೂ ಕೊನೆಗೆ ಉಡುಪಿಯ ಕಾಲೇಜಿಗೇ ಹೋಯಿತು.

ನಿಮ್ಮ ಕಡೆಯವರಿಗೆ ಗೊತ್ತಿಲ್ಲದ ಒಂದು ಸುಖ ಇಲ್ಲಿ ಉಂಟು. ಕೇರಳದಲ್ಲಿ ಊರೂರಿಗೆ ವಾಯನಶಾಲೆ, ಅಂದರೆ ಊರಿನ ಗ್ರಂಥಾಲಯ. ನಾವು ಕಟ್ಟುವ ಕಟ್ಟಡ ತೆರಿಗೆಯ ಜೊತೆ ನೂರಕ್ಕೆ 5ರಂತೆ ಗ್ರಂಥಾಲಯದ ಸೆಸ್ಸೂ ಹೋಗುತ್ತದೆ. ಗ್ರಂಥಾಲಯಗಳನ್ನು ಕಟ್ಟಿ ಬೆಳೆಸಿದ ಪಿ.ಎನ್. ಪಣಿಕ್ಕರ್ ಅವರ ನೆನಪಿಗೆ ಜೂನ್ 19ರಂದು ಓದುವ ದಿನ. ನಮ್ಮ ವಾಯನಶಾಲೆಯಲ್ಲಿ ಮಲಯಾಳಂ ಪುಸ್ತಕಗಳೇ ಜಾಸ್ತಿ, ಕನ್ನಡಕ್ಕೆ ಒಂದು ಕಪಾಟು. ಆ ಕಪಾಟು ಮುಗಿದ ಮೇಲೆ ನಾನು ಪಕ್ಕದ್ದಕ್ಕೆ ಕೈ ಹಾಕಿದೆ. ಬಸ್ಸಿನ ಬೋರ್ಡು, ರೇಷನ್ ಅಂಗಡಿಯ ನೋಟೀಸು ಓದಲು ಕಲಿತ ಅಕ್ಷರ ಕತೆ ಓದುವುದಕ್ಕೂ ಬಂತು. ಈಗ ಎರಡೂ ಓದುತ್ತೇನೆ. ಇದರಿಂದ ನನ್ನ ಕನ್ನಡಕ್ಕೆ ಏನೂ ಕಡಿಮೆಯಾಗಿಲ್ಲ. ಮಗಳ ಕತೆ ಬೇರೆ. ಅವಳು ಮಲಯಾಳಂ ಸರಸರ ಓದುತ್ತಾಳೆ, ಕನ್ನಡಕ್ಕೆ ಬಂದಾಗ ಬೆರಳಿಟ್ಟು ಓದುತ್ತಾಳೆ. ಅದು ಒಂದು ಬೇಸರ, ಹೌದು.

ಓದಲು ಒಳ್ಳೆಯ ಕಾಲ ಆಟಿ. ಜುಲೈ ನಡುವಿನಿಂದ ಒಂದು ತಿಂಗಳು, ಮಲಯಾಳಿಗಳಿಗೆ ಕರ್ಕಟಕ. ಅವರ ಮನೆಗಳಲ್ಲಿ ಸಂಜೆ ದೀಪ ಹಚ್ಚಿ ರಾಮಾಯಣ ಓದುತ್ತಾರೆ. ನಮ್ಮಲ್ಲಿ ಅತ್ತೆ ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ರಾಮಾಯಣ ಪ್ರಸಂಗದ ಪದ ಹೇಳುತ್ತಾರೆ. ಪುಸ್ತಕ ಬೇಡ, ಎಲ್ಲ ನೆನಪಿದೆ. ನಾನು ಪುಸ್ತಕ ಹಿಡಿದು ಪರೀಕ್ಷೆ ಮಾಡಿದರೆ, ತಪ್ಪಿರುವುದು ಪುಸ್ತಕದ್ದೇ ಎನ್ನುತ್ತಾರೆ!

ಆದರೆ ತೋಟಕ್ಕೆ ಅದು ಕೆಟ್ಟ ಕಾಲ. ಮಳೆ ಹಿಡಿದರೆ ಅಡಿಕೆಗೆ ಕೊಳೆರೋಗ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮಳೆ ಸ್ವಲ್ಪ ಬಿಟ್ಟ ಹೊತ್ತು ನೋಡಿ ಮದ್ದು ಬಿಡಬೇಕು. ಮರ ಹತ್ತುವವರು ಸಿಕ್ಕಿದ ದಿನ ಮಳೆ, ಬಿಸಿಲು ಬಂದ ದಿನ ಅವರಿಲ್ಲ. ಕೊಳೆ ಜೋರಾದ ವರ್ಷ ಪುಸ್ತಕಕ್ಕೆ ಮೀಸಲಿಟ್ಟ ದುಡ್ಡು ಮೊದಲು ಹಾರಿಹೋಗುತ್ತದೆ. ಆಗ ಹಳೆಯದನ್ನೇ ಮತ್ತೆ ಓದುವುದು. ಕಪಾಟಿನಲ್ಲಿ ಬೂಷ್ಟು ಹಿಡಿಯುತ್ತದೆಂದು ಒಳ್ಳೆಯ ಪುಸ್ತಕಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ, ಒಣ ಕೊಬ್ಬರಿಯ ಬದಿಯಲ್ಲಿ ಇಡುತ್ತೇನೆ. ರಟ್ಟು ಕಪ್ಪಾಗುತ್ತದೆ, ಹೊಗೆ ವಾಸನೆ ಬರುತ್ತದೆ, ಆದರೆ ಹುಳ ಮುಟ್ಟುವುದಿಲ್ಲ. ವಾಯನಶಾಲೆಯ ಪುಸ್ತಕವನ್ನು ಮಾತ್ರ ಅಲ್ಲಿ ಇಡಲಿಕ್ಕಿಲ್ಲ. ವಾಪಸು ಕೊಡುವಾಗ ಅಲ್ಲಿನವರು ಮೂಸಿ ನೋಡುತ್ತಾರೆ.

2020ರ ಮಾರ್ಚ್‌ನಲ್ಲಿ ಕೊರೋನಾ ಎಂದು ಕರ್ನಾಟಕದವರು ಗಡಿ ಮುಚ್ಚಿದರು. ಕೆಲವು ರಸ್ತೆಗಳಿಗೆ ಮಣ್ಣೇ ಸುರಿದರು. ಮಂಗಳೂರಿನ ಆಸ್ಪತ್ರೆಯನ್ನೇ ನಂಬಿದ್ದ ನಮ್ಮ ಜಿಲ್ಲೆಯವರು ಪಟ್ಟ ಪಾಡು ಪೇಪರಿನಲ್ಲಿ ಓದಿರುತ್ತೀರಿ. ಮಾವ ಅದಕ್ಕೂ ಮೊದಲೇ ಹೋಗಿದ್ದರು. ಇಲ್ಲದಿದ್ದರೆ ಏನಾಗುತ್ತಿತ್ತೋ. ಆ ದಿನಗಳಲ್ಲಿ ನನಗೆ ಓದಲು ಆಗಲಿಲ್ಲ. ಪುಸ್ತಕ ಮನೆಯಲ್ಲೇ ಇತ್ತು, ಸಮಯವೂ ಇತ್ತು, ಎರಡು ಪುಟ ದಾಟುತ್ತಿರಲಿಲ್ಲ. ಕಷ್ಟ ಬಂದಾಗ ಪುಸ್ತಕವೇ ಆಸರೆ ಎನ್ನುವವರ ಮಾತು ಯಾವಾಗಲೂ ನಿಜವಲ್ಲ. ಆಸ್ಪತ್ರೆಯ ಬೆಂಚಿನಲ್ಲಿ ನಿಜವಾಗಿತ್ತು, ಆಗ ಆಗಲಿಲ್ಲ.

ಬರುವಾಗ ಏನು ತರಲಿ ಎಂದಿದ್ದೀರಿ. ಬೆಂಗಳೂರಿನ ಸ್ವೀಟು ಬೇಡ. ಮಗಳಿಗೆ ಹಿಡಿಸುವಂಥ ಪತ್ತೇದಾರಿ ಕತೆ ಎರಡು, ದೊಡ್ಡ ಅಕ್ಷರದ್ದು. ನನಗೆ ನಿಮಗಿಷ್ಟವಾದದ್ದು ಯಾವುದಾದರೂ ಸರಿ, ನೀವು ಓದಿ ಮುಗಿಸಿದ್ದೇ ಆಗಲಿ. ಆಟಿಯಲ್ಲಿ ಬರುವುದಾದರೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತನ್ನಿ.