ಸಂಪಾದಕರ ಉತ್ತರ: ಲಂಡನ್ನಿನ ವೈದ್ಯಕೀಯ ಸಂಗ್ರಹಾಲಯಗಳನ್ನು ನೋಡಬೇಕೆ?

ಮಾನ್ಯರೇ,

ಕಾಫಿ ಕೊಯ್ಲು ಮುಗಿಸಿ ಲಂಡನ್ನಿನಲ್ಲಿರುವ ಮಗಳ ಮನೆಗೆ ಹೊರಟಿರುವ ತಾವು, ಅಲ್ಲಿನ ವೈದ್ಯಕೀಯ ಇತಿಹಾಸದ ಸಂಗ್ರಹಾಲಯಗಳನ್ನು ನೋಡುವುದರಲ್ಲಿ ಅರ್ಥವಿದೆಯೇ, ಹಳೆಯ ಗರಗಸ, ಎಲುಬುಗಳಿಂದ ಕಲಿಯುವುದೇನು ಎಂದು ವಿರಾಜಪೇಟೆಯಿಂದ ಬರೆದು ಕೇಳಿದ್ದೀರಿ. ಖಂಡಿತ ನೋಡಿ, ಆದರೆ ರೋಗಿಗಳ ಕಡೆಯಿಂದ ನೋಡಿ ಎಂಬುದು ನನ್ನ ವಿನಂತಿ.

ಮೊದಲು ಲಂಡನ್ ಬ್ರಿಜ್ ನಿಲ್ದಾಣದ ಬಳಿಯ 'ಓಲ್ಡ್ ಆಪರೇಟಿಂಗ್ ಥಿಯೇಟರ್'ಗೆ ಹೋಗಿ. ಸೇಂಟ್ ಥಾಮಸ್ ಆಸ್ಪತ್ರೆಗೆ ಸೇರಿದ್ದ ಚರ್ಚಿನ ಅಟ್ಟದಲ್ಲಿ, ಗಿಡಮೂಲಿಕೆಗಳನ್ನು ಒಣಗಿಸಿಡುತ್ತಿದ್ದ ಜಾಗದಲ್ಲೇ, 1822ರಲ್ಲಿ ಹೆಂಗಸರ ಶಸ್ತ್ರಚಿಕಿತ್ಸೆಗೆಂದು ಕಟ್ಟಿದ ಕೊಠಡಿ ಅದು. ಲಂಡನ್ನಿನಲ್ಲಿ ಪ್ರಜ್ಞೆ ತಪ್ಪಿಸುವ ಈಥರ್ ಕೊಟ್ಟು ಶಸ್ತ್ರಚಿಕಿತ್ಸೆ ಆರಂಭವಾದದ್ದು 1846ರ ಕೊನೆಗೆ; ಗಾಯ ನಂಜಾಗದಂತೆ ಕಾರ್ಬಾಲಿಕ್ ಆಮ್ಲ ಬಳಸುವ ವಿಧಾನವನ್ನು ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್ ಪ್ರಕಟಿಸಿದ್ದು 1867ರಲ್ಲಿ. ಅಂದರೆ ಈಥರ್ ಬರುವವರೆಗಿನ ಎರಡು ದಶಕಕ್ಕೂ ಹೆಚ್ಚು ಕಾಲ ಬಡ ಹೆಂಗಸರು ಪೂರ್ಣ ಎಚ್ಚರದಲ್ಲಿ, ಸುತ್ತಲಿನ ಮೆಟ್ಟಿಲುಗಳಲ್ಲಿ ಕಿಕ್ಕಿರಿದು ನಿಂತ ವಿದ್ಯಾರ್ಥಿಗಳ ಎದುರಿನಲ್ಲೇ ಕಾಲು ಕತ್ತರಿಸಿಕೊಳ್ಳಬೇಕಿತ್ತು. ಉಳ್ಳವರಿಗೆ ಆ ಚಿಕಿತ್ಸೆ ಮನೆಯಲ್ಲೇ ಆಗುತ್ತಿತ್ತು. ಸುರಿಯುವ ರಕ್ತವನ್ನು ಹೀರಲು ಮೇಜಿನಡಿ ಮರದ ಹೊಟ್ಟಿನ ಪೆಟ್ಟಿಗೆಯಿರುತ್ತಿತ್ತು. ರಾತ್ರೋರಾತ್ರಿ ರೋಗಿಯನ್ನು ಮೈಸೂರಿಗೋ ಮಂಗಳೂರಿಗೋ ಕರೆದೊಯ್ಯುವ ನಮ್ಮವರಿಗೆ ಅವರ ಅಸಹಾಯಕತೆ ಬೇಗ ಅರ್ಥವಾಗುತ್ತದೆ. ರೈಲುಮಾರ್ಗಕ್ಕಾಗಿ ಆಸ್ಪತ್ರೆ 1862ರಲ್ಲಿ ಸ್ಥಳಾಂತರಗೊಂಡ ಮೇಲೆ ಸುಮಾರು ಒಂದು ಶತಮಾನ ಮರೆತುಹೋಗಿದ್ದ ಈ ಕೊಠಡಿ 1962ರಲ್ಲಿ ಸಂಗ್ರಹಾಲಯವಾಯಿತು. ಅಲ್ಲಿಗೆ ಹತ್ತುವ 52 ಮೆಟ್ಟಿಲುಗಳು ಇಕ್ಕಟ್ಟಾಗಿ ಸುರುಳಿ ಸುತ್ತುತ್ತವೆ. ಮಂಡಿನೋವಿದ್ದರೆ ಬೇರೆ ಅನುಕೂಲವಿದೆಯೇ ಎಂದು ಮಗಳು ಮೊದಲೇ ವಿಚಾರಿಸಲಿ.

ಫ್ಲಾರೆನ್ಸ್ ನೈಟಿಂಗೇಲ್ ಸಂಗ್ರಹಾಲಯ ಈಗಿನ ಸೇಂಟ್ ಥಾಮಸ್ ಆಸ್ಪತ್ರೆಯ ಆವರಣದಲ್ಲಿದೆ. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿನ್ ಗುರುತಿಸಿದ ಪ್ರಯೋಗಾಲಯ ಪ್ಯಾಡಿಂಗ್ಟನ್ನಿನಲ್ಲಿದೆ. ಸಮಯವಿದ್ದರೆ, ತೆರೆದಿವೆಯೇ ಎಂದು ಮೊದಲೇ ವಿಚಾರಿಸಿಕೊಂಡು ಇವನ್ನೂ ನೋಡಬಹುದು.

ಹಂಟೇರಿಯನ್ ಸಂಗ್ರಹಾಲಯವನ್ನು ಮಾತ್ರ ಬಿಡಬೇಡಿ. ಹದಿನೆಂಟನೆಯ ಶತಮಾನದ ಶಸ್ತ್ರವೈದ್ಯ ಜಾನ್ ಹಂಟರ್ ಕೂಡಿಟ್ಟ ಅಂಗಾಂಗಗಳ ಮಾದರಿಗಳು ಅಲ್ಲಿವೆ. ಅಸಾಧಾರಣ ಎತ್ತರದ ಐರಿಷ್ ಯುವಕ ಚಾರ್ಲ್ಸ್ ಬರ್ನ್, ತನ್ನ ದೇಹ ವೈದ್ಯರ ಕೈಸೇರಬಾರದೆಂದು ಸಮುದ್ರದಲ್ಲಿ ಸಮಾಧಿ ಬಯಸಿ 1783ರಲ್ಲಿ ತೀರಿಕೊಂಡ. ಹಂಟರ್ ಆದರೂ ಅದನ್ನು ದಕ್ಕಿಸಿಕೊಂಡರು. ಎರಡು ಶತಮಾನ ಪ್ರದರ್ಶನದಲ್ಲಿದ್ದ ಆ ಅಸ್ಥಿಪಂಜರ, 2023ರಲ್ಲಿ ಸಂಗ್ರಹಾಲಯ ಮತ್ತೆ ತೆರೆದಾಗ ಅಲ್ಲಿರಲಿಲ್ಲ. ಬಹಳ ತಡವಾದರೂ ಆ ನಿರ್ಧಾರ ಸರಿಯೆಂದೇ ನನ್ನ ಅಭಿಪ್ರಾಯ. ಅದು ಸಂಶೋಧನೆಗಾಗಿ ಇನ್ನೂ ಸಂಗ್ರಹಾಲಯದ ವಶದಲ್ಲೇ ಇರುವುದನ್ನು ಮಾತ್ರ ನಾನು ಒಪ್ಪಲಾರೆ.