ಎಡಗಡೆ ಸೀಟಿನ ಸಂಬಳ

ಸಿಂಧನೂರು ತಾಲ್ಲೂಕಿನ ಶಿಕ್ಷಕಿಯೊಬ್ಬರ ಪತ್ರ ಇದು. ಹೆಸರು ಹಾಕಬೇಡಿ ಎಂದಿದ್ದಾರೆ.

“ಮಗಳು ರಾಯಚೂರಿನಲ್ಲಿ ಎರಡನೇ ಪಿಯುಸಿ ಸೈನ್ಸ್ ಓದುತ್ತಿದ್ದಾಳೆ. ಪೈಲಟ್ ಆಗಬೇಕು ಅಂತ ಹಟ ಹಿಡಿದಿದ್ದಾಳೆ. ಒಂದು ಅಕಾಡೆಮಿಯವರು ಒಟ್ಟು ಒಂದು ಕೋಟಿ ಹತ್ತಿರ ಖರ್ಚು ಹೇಳಿದರು. ಪೈಲಟ್‌ಗೆ ತಿಂಗಳಿಗೆ 8 ಲಕ್ಷ ಸಂಬಳ, ಎರಡು ವರ್ಷದಲ್ಲಿ ಸಾಲ ತೀರುತ್ತೆ ಅಂದರು. ನಮಗಿರುವುದು ತುಂಗಭದ್ರಾ ಎಡದಂಡೆ ಕಾಲುವೆ ಕೆಳಗೆ ನಾಲ್ಕು ಎಕರೆ. ಎರಡು ಎಕರೆ ಮಾರಿ, ಉಳಿದದ್ದಕ್ಕೆ ಸಾಲ ಮಾಡೋಣ ಅಂತ ಯಜಮಾನರು ಹೇಳುತ್ತಿದ್ದಾರೆ. ಪೈಲಟ್ ಆದವರು ಜೀವಮಾನದಲ್ಲಿ ನಿಜವಾಗಿ ಎಷ್ಟು ದುಡಿಯುತ್ತಾರೆ? ಹೊಲ ಮಾರಬಹುದಾ?”

ಅಕ್ಕಾವರೇ,

8 ಲಕ್ಷದ ಮಾತು ಸುಳ್ಳಲ್ಲ. ಆದರೆ ಅದು ಕ್ಯಾಪ್ಟನ್ ಸಂಬಳ, ಅದೂ ಸಾಕಷ್ಟು ವರ್ಷ ಹಾರಿಸಿದ ಕ್ಯಾಪ್ಟನ್‌ದು. ಕಾಕ್‌ಪಿಟ್‌ನಲ್ಲಿ ಎಡಗಡೆ ಸೀಟು ಕ್ಯಾಪ್ಟನ್‌ದು, ಬಲಗಡೆ ಸೀಟು ಫಸ್ಟ್ ಆಫೀಸರ್‌ದು, ಅಂದರೆ ಸಹಪೈಲಟ್‌ದು. ನಿಮ್ಮ ಮಗಳು ಮೊದಲು ಕೂರುವುದು ಬಲಗಡೆ. ಅಲ್ಲಿ ಶುರುವಿನಲ್ಲಿ ತಿಂಗಳಿಗೆ ಒಂದೂವರೆ ಲಕ್ಷದ ಆಸುಪಾಸು. ಕಂಪನಿ ಮೇಲೆ, ವಿಮಾನದ ಮೇಲೆ ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ. ಸಣ್ಣ ಊರುಗಳಿಗೆ ಹಾರುವ ಚಿಕ್ಕ ಎಟಿಆರ್ ವಿಮಾನದ ಪೈಲಟ್‌ಗೆ ಏರ್‌ಬಸ್ ಪೈಲಟ್‌ಗಿಂತ ಕಡಿಮೆ. ವಿದೇಶಕ್ಕೆ ಹೋಗುವ ದೊಡ್ಡ ವಿಮಾನದ ಹಿರಿಯ ಕ್ಯಾಪ್ಟನ್‌ಗೆ ಎಲ್ಲರಿಗಿಂತ ಜಾಸ್ತಿ.

ಸಂಬಳದ ಚೀಟಿ ಹೇಗಿರುತ್ತದೆ ಅಂತ ತಿಳಿದುಕೊಳ್ಳುವುದು ಒಳ್ಳೆಯದು. ತಿಂಗಳಿಗೆ ಇಂತಿಷ್ಟು ಗಂಟೆ ಅಂತ ಲೆಕ್ಕ ಹಿಡಿದು ಒಂದು ಖಾತ್ರಿ ಮೊತ್ತ ಕೊಡುತ್ತಾರೆ. ಅದಕ್ಕಿಂತ ಹೆಚ್ಚು ಹಾರಿಸಿದರೆ ಗಂಟೆಗೆ ಇಷ್ಟು ಅಂತ ಸೇರುತ್ತದೆ. ಗಂಟೆಯ ಲೆಕ್ಕ ಶುರುವಾಗುವುದು ವಿಮಾನ ನಿಂತ ಜಾಗದಿಂದ ಕದಲಿದಾಗ, ಮುಗಿಯುವುದು ಇನ್ನೊಂದು ಊರಿನಲ್ಲಿ ಬಂದು ನಿಂತಾಗ. ಮಂಜು ಕವಿದಿದೆ ಅಂತ ವಿಮಾನ ಎರಡು ಗಂಟೆ ನಿಂತಲ್ಲೇ ನಿಂತರೆ, ಒಳಗೆ ಯೂನಿಫಾರ್ಮ್ ಹಾಕಿಕೊಂಡು ಕೂತ ಆ ಎರಡು ಗಂಟೆ ಹಾರಾಟದ ಲೆಕ್ಕಕ್ಕೆ ಬರುವುದಿಲ್ಲ. ಸುಮ್ನೆ ಜಾಸ್ತಿ ಹಾರಿಸಿ ದುಡಿಯೋಣ ಅಂದರೂ ಆಗದು. ವರ್ಷಕ್ಕೆ 1000 ಗಂಟೆ ಮೀರಬಾರದು ಅಂತ ನಿಯಮವಿದೆ. ದಣಿದ ಪೈಲಟ್ ಹಿಂದೆ ನೂರಾರು ಜನ ಕೂತಿರುತ್ತಾರೆ, ನಿಯಮ ಇರಲೇಬೇಕು.

ಈಗ ನೀವು ಕೇಳಿದ ಜೀವಮಾನದ ಲೆಕ್ಕ. ಇವತ್ತಿನ ದರದಲ್ಲಿ ಅಂದಾಜು ಹಾಕುತ್ತೇನೆ. 23ಕ್ಕೆ ಕೆಲಸ ಸಿಕ್ಕಿತು ಅನ್ನಿ. ಏಳು ವರ್ಷ ಸಹಪೈಲಟ್, ಸರಾಸರಿ ತಿಂಗಳಿಗೆ ಎರಡೂವರೆ ಲಕ್ಷ. ಒಟ್ಟು 2 ಕೋಟಿ 10 ಲಕ್ಷ. 30ಕ್ಕೆ ಕ್ಯಾಪ್ಟನ್, ಸರಾಸರಿ ತಿಂಗಳಿಗೆ 6 ಲಕ್ಷ. ಪ್ರಯಾಣಿಕರ ವಿಮಾನ ಹಾರಿಸಲು ವಯಸ್ಸಿನ ಮಿತಿ 65. ಹಾಗಾಗಿ 35 ವರ್ಷಕ್ಕೆ 25 ಕೋಟಿ ಚಿಲ್ಲರೆ. ಎರಡೂ ಸೇರಿ 27 ಕೋಟಿ ದಾಟುತ್ತದೆ. ವರ್ಷಕ್ಕೆ 72 ಲಕ್ಷ ದುಡಿದವರು ಸುಮಾರು 20 ಲಕ್ಷ ಆದಾಯ ತೆರಿಗೆ ಕಟ್ಟಬೇಕು, ಅದನ್ನು ಕಳೆದುಕೊಳ್ಳಿ. ಆದರೂ ಸಣ್ಣ ದುಡ್ಡಲ್ಲ. ಹೆಣ್ಣುಮಗಳು ಅಂತ ಕಡಿಮೆ ಕೊಡುವ ಪದ್ಧತಿಯೂ ಇಲ್ಲ, ಸಂಬಳ ನಿಗದಿಯಾಗುವುದು ಹುದ್ದೆ, ಗಂಟೆಗಳ ಮೇಲೆ. ನಮ್ಮ ದೇಶದ ಪೈಲಟ್‌ಗಳಲ್ಲಿ ನೂರಕ್ಕೆ ಸುಮಾರು 15 ಮಂದಿ ಹೆಂಗಸರು. ಜಗತ್ತಿನ ಸರಾಸರಿಗಿಂತ ಇದು ಎಷ್ಟೋ ಪಾಲು ಹೆಚ್ಚು. ಈ ವಿಷಯದಲ್ಲಿ ಮಗಳಿಗೆ ಧೈರ್ಯ ಹೇಳಿ.

ಆದರೆ ಆ 27 ಕೋಟಿಯನ್ನು ಇನ್ನೊಮ್ಮೆ ನೋಡಿ. ಹತ್ತರಲ್ಲಿ ಒಂಬತ್ತು ಪಾಲಿಗಿಂತ ಜಾಸ್ತಿ ಬರುವುದು ಎಡಗಡೆ ಸೀಟಿನಿಂದ. ಲೈಸೆನ್ಸ್ ಕೈಗೆ ಬಂದ ಮೇಲೆ ಮೂರು ವರ್ಷ ಕೆಲಸ ಸಿಗಲಿಲ್ಲ ಅನ್ನಿ. ಹೋದದ್ದು ಮೂರು ವರ್ಷದ ಸಹಪೈಲಟ್ ಸಂಬಳ ಅಂತ ಅನ್ನಿಸುತ್ತದೆ ಅಲ್ವಾ? ಅಲ್ಲ. ನಮ್ಮ ಲೆಕ್ಕದಂತೆ ಸಹಪೈಲಟ್ ಆಗಿ ಏಳು ವರ್ಷ ಹೇಗೂ ಹೋಗುತ್ತದೆ, 65ರ ಗೆರೆ ಕದಲುವುದಿಲ್ಲ. ಕಡಿಮೆಯಾಗುವುದು ಕ್ಯಾಪ್ಟನ್ ಆಗಿ ದುಡಿಯುವ ಮೂರು ವರ್ಷ. ಅದರ ಬೆಲೆ 2 ಕೋಟಿ 16 ಲಕ್ಷ, ಸಹಪೈಲಟ್ ಆಗಿ ಏಳು ವರ್ಷ ದುಡಿದದ್ದಕ್ಕಿಂತ ಹೆಚ್ಚು. ಇದನ್ನು ಅಕಾಡೆಮಿಯವರು ಯಾರಿಗೂ ಹೇಳುವುದಿಲ್ಲ. ಹೇಳಬೇಕಿತ್ತು ಅಂತ ನನಗೆ ಸಿಟ್ಟಿದೆ.

ಕಾಯುವುದು ಅಪರೂಪವೇನಲ್ಲ. ದೇಶಕ್ಕೆ ಮುಂದಿನ ವರ್ಷಗಳಲ್ಲಿ 30 ಸಾವಿರ ಪೈಲಟ್ ಬೇಕು ಎಂಬ ಮಾತನ್ನು ನಿಮಗೂ ಹೇಳಿರುತ್ತಾರೆ. ಇಂಡಿಗೋ 2023ರಲ್ಲಿ ಒಂದೇ ಸಲಕ್ಕೆ 500 ವಿಮಾನಕ್ಕೆ ಆರ್ಡರ್ ಕೊಟ್ಟಿತು, ಏರ್ ಇಂಡಿಯಾ 470ಕ್ಕೆ. ಅದೆಲ್ಲ ನಿಜ. ಆದರೆ ಆ ವಿಮಾನಗಳು ಬರುವುದು ಹಲವು ವರ್ಷದ ಅವಧಿಯಲ್ಲಿ. ತುರ್ತಾಗಿ ಬೇಕಿರುವುದು ಕ್ಯಾಪ್ಟನ್‌ಗಳು. 200 ಗಂಟೆ ಹಾರಿಸಿ ಹೊಸದಾಗಿ ಲೈಸೆನ್ಸ್ ಪಡೆದವರು ಪ್ರತಿವರ್ಷ ಸಾವಿರಕ್ಕೂ ಹೆಚ್ಚು ಮಂದಿ ಹೊರಬೀಳುತ್ತಿದ್ದಾರೆ. 2023ರಲ್ಲಂತೂ 1600 ದಾಟಿತು. ಲೈಸೆನ್ಸ್ ಆದ ಮೇಲೂ ಏರ್‌ಬಸ್ ಅಥವಾ ಬೋಯಿಂಗ್‌ನ ಟೈಪ್ ರೇಟಿಂಗ್ ಅಂತ ಪ್ರತ್ಯೇಕ ತರಬೇತಿ ಬೇಕು. ಅದಕ್ಕೇ ಹದಿನೈದಿಪ್ಪತ್ತು ಲಕ್ಷ. ನಿಮಗೆ ಹೇಳಿದ ಒಂದು ಕೋಟಿಯಲ್ಲಿ ಅದು ಸೇರಿದೆಯಾ ಇಲ್ಲವಾ, ಬರೆದು ಕೊಡಲು ಕೇಳಿ.

ಕೆಲಸ ಸಿಕ್ಕ ಮೇಲೂ ಕಂಪನಿ ಉಳಿಯಬೇಕು. ಕಿಂಗ್‌ಫಿಶರ್ 2012ರಲ್ಲಿ ನಿಂತಿತು, ಜೆಟ್ ಏರ್‌ವೇಸ್ 2019ರಲ್ಲಿ, ಗೋ ಫಸ್ಟ್ 2023ರಲ್ಲಿ. ತೋರಣಗಲ್ಲಿನ ಜಿಂದಾಲ್ ವಿದ್ಯಾನಗರದಿಂದ ಉಡಾನ್ ಯೋಜನೆಯಲ್ಲಿ ಹಾರುತ್ತಿದ್ದ ಟ್ರೂಜೆಟ್ ನಿಮಗೆ ನೆನಪಿರಬಹುದು. ಅದೂ 2022ರಲ್ಲಿ ಸೇವೆ ನಿಲ್ಲಿಸಿತು. ಅನುಭವಿ ಕ್ಯಾಪ್ಟನ್‌ಗೆ ಬೇರೆ ಕಡೆ ಕೆಲಸ ಸಿಗುತ್ತದೆ. ಕಷ್ಟ ಬರುವುದು ಕಡಿಮೆ ಗಂಟೆ ಹಾರಿಸಿರುವ ಹೊಸಬರಿಗೆ, ಅದೇ ಹೊತ್ತಿಗೆ ಸಾಲದ ಕಂತು ಜೋರಾಗಿ ನಡೆಯುತ್ತಿರುತ್ತದೆ.

ಕಂತಿನ ಲೆಕ್ಕವನ್ನೂ ನೋಡಿಬಿಡಿ. 80 ಲಕ್ಷ ಸಾಲ, ನೂರಕ್ಕೆ 11ರ ಬಡ್ಡಿ, ಹತ್ತು ವರ್ಷ ಅಂತ ಹಿಡಿದರೆ ತಿಂಗಳಿಗೆ 1 ಲಕ್ಷ 10 ಸಾವಿರ ಕಟ್ಟಬೇಕು. ಓದುವಾಗ ಏರಿದ ಬಡ್ಡಿ ಬೇರೆ. ಮೊದಲ ಸಂಬಳ ಒಂದೂವರೆ ಲಕ್ಷ, ಅದರಲ್ಲಿ ತೆರಿಗೆ ಹೋಗಬೇಕು. ಬೆಂಗಳೂರೋ ದಿಲ್ಲಿಯೋ, ಅಲ್ಲಿ ಬಾಡಿಗೆ, ಊಟ. ಎರಡು ವರ್ಷದಲ್ಲಿ ಸಾಲ ತೀರುವ ಮಾತು ಎಲ್ಲಿಂದ ಬಂತು?

ಇನ್ನೊಂದು ಆರೋಗ್ಯ. ಪೈಲಟ್‌ಗೆ ವೈದ್ಯಕೀಯ ಪರೀಕ್ಷೆ ಮತ್ತೆ ಮತ್ತೆ ಇರುತ್ತದೆ. 45ಕ್ಕೆ ಹೃದಯದ ತೊಂದರೆ ಬಂದು ಶಾಶ್ವತವಾಗಿ ಅನರ್ಹ ಅಂತಾದರೆ, ಮೇಲಿನ ಲೆಕ್ಕದಲ್ಲಿ 27 ಕೋಟಿ 13 ಕೋಟಿಗೆ ಇಳಿಯುತ್ತದೆ. ಇದಕ್ಕೆಂದೇ ಲೈಸೆನ್ಸ್ ನಷ್ಟದ ವಿಮೆ ಇದೆ. ಕೆಲಸಕ್ಕೆ ಸೇರಿದ ವರ್ಷವೇ ಮಾಡಿಸಬೇಕು.

ಹೊಲದ ವಿಷಯಕ್ಕೆ ಬರುತ್ತೇನೆ. ಈಗ ಮಾರಬೇಡಿ. ಮಗಳ ಹಟಕ್ಕೆ ಅಡ್ಡ ಹೇಳುತ್ತಿಲ್ಲ, ಆಕೆ ಹಾರಲಿ ಅಂತಲೇ ನನ್ನ ಆಸೆ. ಆದರೆ ಲೈಸೆನ್ಸ್‌ಗೂ ಮೊದಲ ಸಂಬಳಕ್ಕೂ ನಡುವೆ ಎರಡು ಮೂರು ವರ್ಷ ಖಾಲಿ ಹೋದರೆ ಮನೆ ನಡೆಸಬೇಕಾದದ್ದು ನಿಮ್ಮ ಸಂಬಳ ಮತ್ತು ಆ ನಾಲ್ಕು ಎಕರೆಯ ಭತ್ತ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದ ಮೇಲೆ ಎರಡನೇ ಬೆಳೆಯ ನೀರಿನ ಚಿಂತೆ ಏನು ಅಂತ ನಿಮಗೆ ನಾನು ಹೇಳಬೇಕಿಲ್ಲ. ಇಂಥ ಹೊತ್ತಿನಲ್ಲಿ ಅರ್ಧ ಹೊಲ ಕೈಬಿಟ್ಟರೆ ಉಳಿದರ್ಧದ ಮೇಲೆ ಭಾರ ಬೀಳುತ್ತದೆ.

ಮೊದಲು ವೈದ್ಯಕೀಯ ಪರೀಕ್ಷೆ ಮಾಡಿಸಿ. ವಿಮಾನಯಾನವನ್ನು ನಿಯಂತ್ರಿಸುವ ಕೇಂದ್ರ ಸರ್ಕಾರದ ಸಂಸ್ಥೆ ಡಿಜಿಸಿಎ, ಅದರ ಪಟ್ಟಿಯಲ್ಲಿರುವ ವೈದ್ಯರು ಹೈದರಾಬಾದ್, ಬೆಂಗಳೂರು ಎರಡೂ ಕಡೆ ಇದ್ದಾರೆ. ಮೊದಲ ಹಂತದ ಕ್ಲಾಸ್ 2 ಪರೀಕ್ಷೆ ಆದ ಮೇಲೆ ಅಲ್ಲಿಗೇ ನಿಲ್ಲಬೇಡಿ, ಪೈಲಟ್ ಕೆಲಸಕ್ಕೆ ಬೇಕಾದ ಕ್ಲಾಸ್ 1 ಕೂಡ ಮುಗಿಸಿ. ಬೆಂಗಳೂರಿನಲ್ಲಿ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲಿ ಅದು ನಡೆಯುತ್ತದೆ. ಬಣ್ಣ ಗುರುತಿಸುವ ಪರೀಕ್ಷೆಯಲ್ಲಿ ಸಿಕ್ಕಿಬೀಳುವ ಎಷ್ಟೋ ಮಕ್ಕಳಿಗೆ ಅಲ್ಲಿಯವರೆಗೂ ತಮಗೆ ಆ ದೋಷ ಇರುವುದೇ ಗೊತ್ತಿರುವುದಿಲ್ಲ. ಫೀ ಕಟ್ಟಿದ ಮೇಲೆ ಗೊತ್ತಾಗುವುದಕ್ಕಿಂತ ಈಗ ಗೊತ್ತಾಗಲಿ.

ಆಮೇಲೆ ನ್ಯಾವಿಗೇಷನ್, ಹವಾಮಾನ, ನಿಯಮಗಳು, ತಾಂತ್ರಿಕ ವಿಷಯದ ಲೈಸೆನ್ಸ್ ಪರೀಕ್ಷೆಗಳನ್ನು ಬರೆಯಲಿ. ಹಾರಾಟಕ್ಕೆ ದುಡ್ಡು ಕಟ್ಟುವ ಮೊದಲೇ ಬರೆಯಬಹುದು. ಅದರಲ್ಲಿ ಪಾಸಾದರೆ ಆಕೆಯ ಹಟ ಎಷ್ಟು ಗಟ್ಟಿ ಅಂತ ಮನೆಯವರಿಗೂ ಗೊತ್ತಾಗುತ್ತದೆ. ಹಾರಾಟ ಕಲಿಯಲು ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನಲ್ಲಿ ಕೇಂದ್ರ ಸರ್ಕಾರದ ಅಕಾಡೆಮಿ ಇದೆ, ಪ್ರವೇಶ ಪರೀಕ್ಷೆ ಇರುತ್ತದೆ. ಬೆಂಗಳೂರಿನ ಜಕ್ಕೂರಿನಲ್ಲಿ ರಾಜ್ಯ ಸರ್ಕಾರದ ಶಾಲೆ ಇದೆ. ನಮಗೆ ಹತ್ತಿರದ ಕಲಬುರಗಿ ವಿಮಾನ ನಿಲ್ದಾಣದಲ್ಲೂ ತರಬೇತಿ ನಡೆಯುತ್ತದೆ. ಡಿಜಿಸಿಎ 2025ರಿಂದ ತರಬೇತಿ ಸಂಸ್ಥೆಗಳಿಗೆ ದರ್ಜೆ ಕೊಡುತ್ತಿದೆ, ಅದನ್ನು ನೋಡಿಕೊಳ್ಳಿ. ಎಲ್ಲಿ ಸೇರಿದರೂ ಪೂರ್ತಿ ಫೀ ಒಂದೇ ಸಲಕ್ಕೆ ಕಟ್ಟಬೇಡಿ. ಇಷ್ಟು ಗಂಟೆ ಹಾರಿದ ಮೇಲೆ ಇಷ್ಟು ಅಂತ ಕಟ್ಟುವ ವ್ಯವಸ್ಥೆ ಇರುವ ಕಡೆ ಹೋಗಿ. ಒಬ್ಬ ವಿದ್ಯಾರ್ಥಿಗೆ 200 ಗಂಟೆ ಮುಗಿಸಲು ನಿಜವಾಗಿ ಎಷ್ಟು ತಿಂಗಳು ಹಿಡಿಯಿತು ಅಂತ ಅಲ್ಲಿ ಕಲಿಯುತ್ತಿರುವ ಮಕ್ಕಳನ್ನೇ ಕೇಳಿ, ಆಫೀಸಿನವರನ್ನಲ್ಲ.

ವಾಯುಪಡೆಯ ದಾರಿಯನ್ನೂ ಮಗಳ ಮುಂದಿಡಿ. ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ ಸೇರುವ ಎನ್‌ಡಿಎ ಪರೀಕ್ಷೆಯನ್ನು ಈಗ ಹೆಣ್ಣುಮಕ್ಕಳೂ ಬರೆಯಬಹುದು. ತರಬೇತಿಯ ಖರ್ಚು ಸರ್ಕಾರದ್ದೇ. ಸಂಬಳ ವಿಮಾನ ಕಂಪನಿಯಷ್ಟು ಬರುವುದಿಲ್ಲ, ಆಯ್ಕೆ ಬಹಳ ಕಠಿಣ, ಆದರೆ ಮನೆ ಮೇಲೆ ಸಾಲ ಇರುವುದಿಲ್ಲ.

ಆ ಅಕಾಡೆಮಿಯವರು ಕೊಟ್ಟ ಫೀ ಪಟ್ಟಿಯ ಒಂದು ಪ್ರತಿ ನಮ್ಮ ವಿಳಾಸಕ್ಕೆ ಕಳಿಸಿ. ಟೈಪ್ ರೇಟಿಂಗ್, ಹಾಸ್ಟೆಲ್, ಪರೀಕ್ಷಾ ಶುಲ್ಕ, ವಾಪಸಾತಿ ನಿಯಮ ಎಲ್ಲ ಸಾಲು ಸಾಲಾಗಿ ನೋಡಿ ಉತ್ತರ ಬರೆಯುತ್ತೇನೆ. ಅಲ್ಲಿಯವರೆಗೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ ಅಂತ ಯಜಮಾನರಿಗೆ ಹೇಳಿ.

ಸಂಪಾದಕ